ವಿಮಾನದ ನಂಬರು ಓದಬಲ್ಲ ಕ್ಯಾಮೆರಾ

ಶಾರ್ಜಾದಲ್ಲಿ ಕೆಲಸಕ್ಕಿರುವ ನನ್ನ ತಂಗಿಯ ಮಗ ಒಂದು ರಾತ್ರಿ ಫೋನು ಮಾಡಿ, “ಮಾಮ, ವಿಮಾನಗಳ ಫೋಟೋ ತೆಗೆಯಲಿಕ್ಕೆ ಯಾವ ಕ್ಯಾಮೆರಾ ತಗೊಂಡ್ರೆ ಒಳ್ಳೆಯದು?” ಎಂದು ಕೇಳಿದ. ಎರಡು ವರ್ಷಗಳಿಂದ ಹಣ ಕೂಡಿಟ್ಟಿದ್ದನಂತೆ. ಅಂಗಡಿಯವನನ್ನು ಕೇಳಿದರೆ ಎರಡು ನಿಮಿಷದಲ್ಲಿ ಉತ್ತರ ಸಿಗುವ ಪ್ರಶ್ನೆ ಇದು. ಆದರೆ ನಾಲ್ಕು ಸಾಲು ಬರೆದು ಕಳಿಸೋಣವೆಂದು ಕುಳಿತವನಿಗೆ ಅದು ನಾಲ್ಕು ಸಾಲಿನಲ್ಲಿ ಮುಗಿಯುವ ಸಂಗತಿಯಲ್ಲ ಎನಿಸಿತು. ವಿಮಾನ ಮತ್ತು ಕ್ಯಾಮೆರಾ ಎರಡೂ ಒಟ್ಟಿಗೇ ಬೆಳೆದವು. ಅವೆರಡರ ನಡುವೆ ಬೇಲಿಯ ಬಳಿ ನಿಂತ ಸಾಮಾನ್ಯ ಮನುಷ್ಯನೊಬ್ಬನಿದ್ದಾನೆ. ಅವನನ್ನು ಕೆಲವೊಮ್ಮೆ ಹುಚ್ಚನೆಂದರು, ಕೆಲವೊಮ್ಮೆ ಗೂಢಚಾರನೆಂದು ಜೈಲಿಗೆ ಹಾಕಿದರು. ಒಮ್ಮೆಯಂತೂ ಅವನು ತೆಗೆದ ಚಿತ್ರ ಒಂದು ದೊಡ್ಡ ಅನ್ಯಾಯವನ್ನು ಬಯಲಿಗೆಳೆಯಲು ನೆರವಾಯಿತು.

ಮೊದಲ ವಿಮಾನ ಹಾರಿದ ದಿನವೇ ಈ ಕತೆಯೂ ಶುರುವಾಗುತ್ತದೆ. 1903ರ ಡಿಸೆಂಬರ್ 17ರ ಬೆಳಿಗ್ಗೆ ಅಮೆರಿಕದ ಉತ್ತರ ಕೆರೊಲಿನಾದ ಕಿಟ್ಟಿ ಹಾಕ್ ಬಳಿಯ ಮರಳು ದಿಬ್ಬಗಳಲ್ಲಿ ಆರ್ವಿಲ್ ರೈಟ್ ಹಾರಲು ಸಿದ್ಧನಾದ. ಹಾರುವ ಮೊದಲು ಅವನು ತನ್ನ ಕ್ಯಾಮೆರಾವನ್ನು ಮುಕ್ಕಾಲಿಯ ಮೇಲೆ ನಿಲ್ಲಿಸಿ, ವಿಮಾನ ಹಳಿ ಬಿಟ್ಟು ಏಳಬಹುದಾದ ಜಾಗಕ್ಕೆ ಗುರಿಯಿಟ್ಟ. ಅದು ಗಾಜಿನ ಪ್ಲೇಟು ಹಾಕುವ ಕ್ಯಾಮೆರಾ, ಹೆಸರು ಕೊರೋನಾ. (ಆ ಹೆಸರು ಕೇಳಿದರೆ ಈಗ ನಮಗೆ ಬೇರೆಯದೇ ನೆನಪಾಗುತ್ತದೆ.) ರಬ್ಬರಿನ ಗುಂಡನ್ನು ಸಮೀಪದ ಜೀವರಕ್ಷಕ ಠಾಣೆಯ ಜಾನ್ ಡೇನಿಯಲ್ಸ್ ಎಂಬಾತನ ಕೈಗೆ ಕೊಟ್ಟು, ವಿಮಾನ ಎದ್ದಾಗ ಹಿಚುಕು ಎಂದ. ಡೇನಿಯಲ್ಸ್ ಅದುವರೆಗೆ ಕ್ಯಾಮೆರಾ ಮುಟ್ಟಿದವನಲ್ಲ. ವಿಮಾನ 12 ಸೆಕೆಂಡು, 120 ಅಡಿ ಹಾರಿತು. ಆ ಗಡಿಬಿಡಿಯಲ್ಲಿ ತಾನು ಗುಂಡನ್ನು ಹಿಚುಕಿದೆನೋ ಇಲ್ಲವೋ ಎಂಬುದೇ ಅವನಿಗೆ ಖಚಿತವಿರಲಿಲ್ಲ. ರೈಟ್ ಸೋದರರು ಡೇಟನ್ನಿನ ಮನೆಗೆ ಮರಳಿ ಪ್ಲೇಟನ್ನು ತೊಳೆದಾಗಲಷ್ಟೇ ಗೊತ್ತಾಯಿತು, ಚಿತ್ರ ಬಂದಿದೆ ಎಂದು. ನೆಲದಿಂದ ಎದ್ದ ಯಂತ್ರ, ಪಕ್ಕದಲ್ಲಿ ಓಡುತ್ತಾ ನಿಂತುಬಿಟ್ಟ ವಿಲ್ಬರ್. 1913ರ ಡೇಟನ್ ಪ್ರವಾಹದಲ್ಲಿ ಆ ಪ್ಲೇಟು ನೀರಿನಲ್ಲಿ ಮುಳುಗಿತ್ತು, ಆದರೂ ಚಿತ್ರ ಉಳಿಯಿತು. ಡೇನಿಯಲ್ಸ್ ಮತ್ತೆ ಪ್ರಸಿದ್ಧ ಛಾಯಾಗ್ರಾಹಕನೇನೂ ಆಗಲಿಲ್ಲ. ಆರ್ವಿಲ್ ರೈಟ್ ತೀರಿಕೊಂಡ ಮರುದಿನ, 1948ರ ಜನವರಿ 31ರಂದು ಅವನೂ ತೀರಿಕೊಂಡ.

ಆ ಚಿತ್ರಕ್ಕೆ ಆರ್ವಿಲ್ ಮಾಡಿಕೊಂಡ ಉಪಾಯವನ್ನು ಗಮನಿಸಬೇಕು. ವಿಮಾನವನ್ನು ಕ್ಯಾಮೆರಾ ಹಿಂಬಾಲಿಸಲಾರದೆಂದು ಅವನಿಗೆ ಗೊತ್ತಿತ್ತು. ಆದ್ದರಿಂದ ಕ್ಯಾಮೆರಾ ಕಾಯುತ್ತಿದ್ದ ಜಾಗಕ್ಕೆ ವಿಮಾನವೇ ಬರುವಂತೆ ಮಾಡಿದ. ಮುಂದಿನ ನೂರು ವರ್ಷಗಳ ಕ್ಯಾಮೆರಾ ತಯಾರಕರು ಈ ಒಂದು ತೊಡಕನ್ನು ಬಿಡಿಸುವುದರಲ್ಲೇ ಬಹಳಷ್ಟು ಬುದ್ಧಿ ಖರ್ಚು ಮಾಡಿದ್ದಾರೆ. ವಿಮಾನ ದೂರದಲ್ಲಿರುತ್ತದೆ, ವೇಗವಾಗಿರುತ್ತದೆ, ಅದರ ಹಿಂದೆ ಕಣ್ಣು ಕುಕ್ಕುವ ಆಕಾಶವಿರುತ್ತದೆ. ಮದುವೆ ಮನೆಯ ಫೋಟೋಗ್ರಾಫರನಿಗೆ ಈ ಮೂರೂ ಒಟ್ಟಿಗೆ ಎದುರಾಗುವುದು ಅಪರೂಪ.

ಇನ್ನು ನಂಬರಿನ ವಿಷಯ. 1919ರ ಪ್ಯಾರಿಸ್ ಒಪ್ಪಂದದಲ್ಲಿ ಪ್ರತಿ ದೇಶದ ವಿಮಾನಕ್ಕೂ ಗುರುತಿನ ಅಕ್ಷರ ಇರಬೇಕೆಂದು ತೀರ್ಮಾನವಾಯಿತು. ಅಮೆರಿಕಕ್ಕೆ ‘ಎನ್’, ಬ್ರಿಟನ್ನಿಗೆ ‘ಜಿ’. ನಮಗೆ ವಸಾಹತು ಕಾಲದಲ್ಲಿ ‘ವಿಟಿ’ ಬಂತು. ಅದನ್ನು ‘ವೈಸರಾಯ್ಸ್ ಟೆರಿಟರಿ’ ಎಂದು ಬಿಡಿಸಿ ಹೇಳುವವರಿದ್ದಾರೆ. ಆ ಅರ್ಥ ಆಮೇಲೆ ಜನ ಕಟ್ಟಿಕೊಂಡದ್ದು. ಅಕ್ಷರಗಳು ಮಾತ್ರ ಸ್ವಾತಂತ್ರ್ಯ ಬಂದ ಮೇಲೂ ನಮ್ಮ ವಿಮಾನಗಳ ಮೇಲೆ ಉಳಿದವು. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಮುಂಬಯಿಗೆ ಅಂಚೆ ಹೊತ್ತು ತಂದ ಪುಟ್ಟ ಪುಸ್ ಮಾತ್ ವಿಮಾನದ ನಂಬರು ವಿಟಿ-ಎಡಿಎನ್. ಕಾರಿನ ನಂಬರು ಪ್ಲೇಟಿನಂತೆ ಇದನ್ನು ಹಿಂದೆ ಮುಂದೆ ಸಿಕ್ಕಿಸುವುದಿಲ್ಲ, ದೇಹದ ಮೇಲೆಯೇ ಬಣ್ಣದಲ್ಲಿ ಬರೆಯುತ್ತಾರೆ. ಅಂತರರಾಷ್ಟ್ರೀಯ ನಿಯಮದ ಪ್ರಕಾರ ವಿಮಾನದ ಪಕ್ಕೆಯ ಮೇಲಿನ ಅಕ್ಷರ ಕನಿಷ್ಠ 30 ಸೆಂಟಿಮೀಟರ್ ಎತ್ತರವಿರಬೇಕು.

ವಿಮಾನ ವೀಕ್ಷಣೆಯನ್ನೇ ಹವ್ಯಾಸ ಮಾಡಿಕೊಂಡವರಿಗೆ ಈ ನಂಬರೇ ಜೀವ. ಬ್ರಿಟನ್ನಿನಲ್ಲಿ ಎರಡನೇ ಮಹಾಯುದ್ಧದ ಕಾಲದಲ್ಲಿ ಸಾವಿರಾರು ನಾಗರಿಕರು ಸ್ವಯಂಸೇವಕರಾಗಿ ಆಕಾಶ ಕಾಯುತ್ತಿದ್ದರು. ಶತ್ರು ವಿಮಾನವೋ ನಮ್ಮದೋ ಎಂದು ಆಕಾರ ನೋಡಿ ಹೇಳುವ ವಿದ್ಯೆ ಆಗ ದೇಶಸೇವೆಯಾಗಿತ್ತು. ಯುದ್ಧ ಮುಗಿದ ಮೇಲೆ ಅದೇ ವಿದ್ಯೆ ಭಾನುವಾರದ ಹವ್ಯಾಸವಾಯಿತು. ವಿಮಾನ ನಿಲ್ದಾಣದ ಬೇಲಿಯ ಹತ್ತಿರ ಒಂದು ದುರ್ಬೀನು, ಒಂದು ನೋಟುಬುಕ್ಕು, ಒಂದು ಥರ್ಮಾಸ್ ಚಹಾ. ಕಂಡ ನಂಬರಿಗೆ ಪುಸ್ತಕದಲ್ಲಿ ಗೆರೆ ಎಳೆಯುವುದು. ಹೊರಗಿನವರಿಗೆ ಇದರಲ್ಲಿ ಏನು ರುಚಿಯೆಂದು ಅರ್ಥವಾಗುವುದಿಲ್ಲ. ಅಂಚೆಚೀಟಿ ಸಂಗ್ರಹಿಸುವವನ ಹೆಂಡತಿಯನ್ನು ಕೇಳಿದರೆ ಅವಳೂ ಹಾಗೆಯೇ ಹೇಳಿಯಾಳು.

ನೋಟುಬುಕ್ಕಿನ ಜೊತೆಗೆ ಕ್ಯಾಮೆರಾ ಬಂದದ್ದು ಕೊಡಾಕ್ರೋಮ್ ಸ್ಲೈಡಿನ ಕಾಲದಲ್ಲಿ. 1935ರಲ್ಲಿ ಮಾರುಕಟ್ಟೆಗೆ ಬಂದ ಈ ಬಣ್ಣದ ಫಿಲ್ಮು 2009ರವರೆಗೆ ತಯಾರಾಯಿತು. ಬಣ್ಣ ಮಾಸದೆ ದಶಕಗಳ ಕಾಲ ಉಳಿಯುತ್ತಿದ್ದರಿಂದ ವಿಮಾನ ಹವ್ಯಾಸಿಗಳಿಗೆ ಇದರ ಮೇಲೆ ಅತಿಯಾದ ಪ್ರೀತಿ. ದೇಶ ದೇಶಗಳ ನಡುವೆ ಅಂಚೆಯಲ್ಲಿ ಸ್ಲೈಡುಗಳ ವಿನಿಮಯ ನಡೆಯುತ್ತಿತ್ತು. ಆದರೆ ಅದು ನಿಧಾನದ ಫಿಲ್ಮು. ಕೊಡಾಕ್ರೋಮ್ 64ರಲ್ಲಿ ಒಳ್ಳೆ ಬಿಸಿಲಿದ್ದರೂ ಸೆಕೆಂಡಿನ 250ನೇ ಒಂದು ಅಥವಾ 500ನೇ ಒಂದು ಭಾಗಕ್ಕಿಂತ ಹೆಚ್ಚಿನ ಶಟರ್ ವೇಗ ಕಷ್ಟ. ಮೋಡ ಕವಿದರೆ ಮನೆಗೆ ಹೋಗಬೇಕು. ಒಂದು ರೋಲಿನಲ್ಲಿ 36 ಚಿತ್ರ. ಪ್ರತಿ ಒತ್ತಿಗೂ ದುಡ್ಡು. ಚಿತ್ರ ಹೇಗೆ ಬಂತೆಂದು ತಿಳಿಯಲು ವಾರಗಟ್ಟಲೆ ಕಾಯಬೇಕು. ಆದ್ದರಿಂದ ಆ ಕಾಲದವರು ಸೂರ್ಯನನ್ನು ಬೆನ್ನಿಗೆ ಹಾಕಿಕೊಂಡು ನಿಂತು, ವಿಮಾನ ಪೂರ್ತಿ ಪಕ್ಕಕ್ಕೆ ಬಂದಾಗ ಒಂದೇ ಒಂದು ಸಲ ಒತ್ತುತ್ತಿದ್ದರು.

ನಮ್ಮ ಕರಾವಳಿಯಲ್ಲಿ ಕ್ಯಾಮೆರಾ ಎಂದರೆ ಬಹುಕಾಲ ಗಲ್ಫಿನಿಂದ ಬಂದ ಯಾಶಿಕಾ. ಅತ್ತರು, ಟೇಪ್ ರೆಕಾರ್ಡರ್, ಕಂಬಳಿಗಳ ಜೊತೆ ಪೆಟ್ಟಿಗೆಯಲ್ಲಿ ಅದೂ ಇರುತ್ತಿತ್ತು. ಬಜ್ಪೆಯಿಂದ ದುಬೈಗೆ ನೇರ ವಿಮಾನ ಶುರುವಾದದ್ದು 2006ರಲ್ಲಿ. ಅದಕ್ಕೆ ಮುಂಚೆ ಮುಂಬಯಿಗೆ ಬಸ್ಸು ಹತ್ತಿಸುವಾಗಲೂ, ಆಮೇಲೆ ನಿಲ್ದಾಣದ ಬಾಗಿಲಲ್ಲಿ ಬೀಳ್ಕೊಡುವಾಗಲೂ ಮನೆಮಂದಿಯೆಲ್ಲಾ ಸಾಲಾಗಿ ನಿಂತು ಒಂದು ಫೋಟೋ. ಆ ಚಿತ್ರಗಳಲ್ಲಿ ಜನರಿದ್ದಾರೆ, ವಿಮಾನವಿಲ್ಲ. ವಿಮಾನದ ಚಿತ್ರ ತೆಗೆಯಬಾರದೆಂಬ ಫಲಕ ಅಲ್ಲೇ ಇರುತ್ತಿತ್ತು. ಆ ಫಲಕದ ವಿಷಯಕ್ಕೆ ಆಮೇಲೆ ಬರುತ್ತೇನೆ.

ಡಿಜಿಟಲ್ ಕ್ಯಾಮೆರಾದ ಹುಟ್ಟು 1975ರದು. ಕೊಡಾಕ್ ಕಂಪನಿಯ ಇಂಜಿನಿಯರ್ ಸ್ಟೀವನ್ ಸ್ಯಾಸನ್ ತಯಾರಿಸಿದ ಆ ಯಂತ್ರ ಮೂರೂವರೆ ಕಿಲೋಗಿಂತ ಹೆಚ್ಚು ತೂಗುತ್ತಿತ್ತು. ಒಂದು ಕಪ್ಪು ಬಿಳುಪು ಚಿತ್ರವನ್ನು ಕ್ಯಾಸೆಟ್ಟಿನಲ್ಲಿ ಬರೆಯಲು 23 ಸೆಕೆಂಡು ತೆಗೆದುಕೊಳ್ಳುತ್ತಿತ್ತು. ರೈಟ್‌ನ ವಿಮಾನ ಅಷ್ಟರಲ್ಲಿ ಹೆಚ್ಚುಕಡಿಮೆ ಎರಡು ಸಲ ಹಾರಿ ಇಳಿಯಬಹುದಿತ್ತು! ಫಿಲ್ಮು ಮಾರಿ ಬದುಕುತ್ತಿದ್ದ ಕಂಪನಿಯೊಳಗೇ ಫಿಲ್ಮಿನ ಶತ್ರು ಹುಟ್ಟಿದ್ದು ಒಂದು ವಿಚಿತ್ರ.

ವಿಮಾನ ಹವ್ಯಾಸಿಗಳ ಕೈಗೆ ಡಿಜಿಟಲ್ ಬಂದದ್ದು ಈ ಶತಮಾನದ ಆರಂಭದಲ್ಲಿ. 1999ರಲ್ಲಿ ನಿಕಾನ್ ಡಿ1, 2000ದಲ್ಲಿ ಕ್ಯಾನನ್ ಡಿ30 ಬಂದವು. ಬೆಲೆ ಕೇಳಿದರೆ ತಲೆ ತಿರುಗುತ್ತಿತ್ತು. 2003ರಲ್ಲಿ ಕ್ಯಾನನ್ 300ಡಿ ಸಾವಿರ ಡಾಲರಿಗಿಂತ ಕೆಳಗೆ ಇಳಿಯಿತು. 2004ರಲ್ಲಿ ನಿಕಾನ್ ಡಿ70 ಅದಕ್ಕೆ ಪೈಪೋಟಿಗೆ ನಿಂತಿತು. ಎರಡೂ ಆರು ಮೆಗಾಪಿಕ್ಸೆಲ್‌ನವು. ಅದೇ ಹೊತ್ತಿಗೆ ಅಂಗಡಿಗಳಲ್ಲಿ ಜೇಬಿಗೆ ಹಾಕುವ ಸಣ್ಣ ಡಿಜಿಟಲ್ ಕ್ಯಾಮೆರಾಗಳ ರಾಶಿ ಬಿದ್ದಿತ್ತು. ಮೂರು, ನಾಲ್ಕು, ಐದು ಮೆಗಾಪಿಕ್ಸೆಲ್ ಎಂದು ಜಾಹೀರಾತುಗಳ ಗದ್ದಲ. ಹೊಸಬನೊಬ್ಬ ಮೆಗಾಪಿಕ್ಸೆಲ್ ಎಣಿಸಿ ಕ್ಯಾಮೆರಾ ಕೊಂಡು ಬೇಲಿಯ ಹತ್ತಿರ ಹೋದರೆ ಅವನಿಗೆ ನಿರಾಸೆ ಖಚಿತವಿತ್ತು.

ಏಕೆಂಬುದನ್ನು ಒಂದು ಸರಳ ಲೆಕ್ಕದಿಂದ ಹೇಳಬಹುದು. ವಿಮಾನದ ಮೇಲಿನ ಅಕ್ಷರ 30 ಸೆಂ.ಮೀ., ಅದು 300 ಮೀಟರ್ ದೂರದಲ್ಲಿದೆ ಎಂದುಕೊಳ್ಳಿ. 400 ಮಿ.ಮೀ. ಲೆನ್ಸು ಆ ಅಕ್ಷರವನ್ನು ಕ್ಯಾಮೆರಾದ ಒಳಗಿನ ಸಂವೇದಕದ ಮೇಲೆ 0.4 ಮಿ.ಮೀ. ಎತ್ತರಕ್ಕೆ ಮೂಡಿಸುತ್ತದೆ. 300ಡಿಯಂಥ ಕ್ಯಾಮೆರಾದಲ್ಲಿ ಪ್ರತಿ ಮಿಲಿಮೀಟರಿಗೆ ಸುಮಾರು 135 ಚುಕ್ಕೆ. ಅಂದರೆ ಅಕ್ಷರ 54 ಚುಕ್ಕೆಗಳಷ್ಟು ಎತ್ತರ, ನಿರಾಯಾಸವಾಗಿ ಓದಬಹುದು. ಒಂದು ಕಿಲೋಮೀಟರ್ ದೂರದಲ್ಲಿದ್ದರೂ 16 ಚುಕ್ಕೆ, ಕಣ್ಣು ಕಿರಿದು ಮಾಡಿಯಾದರೂ ಓದಬಹುದು. ಅದೇ ಮೂರು ಪಟ್ಟು ಝೂಮ್ ಇರುವ ಮೂರು ಮೆಗಾಪಿಕ್ಸೆಲ್‌ನ ಜೇಬಿನ ಕ್ಯಾಮೆರಾದಲ್ಲಿ 300 ಮೀಟರಿನಲ್ಲೇ ಅಕ್ಷರಕ್ಕೆ ಸಿಗುವುದು ಆರು ಚುಕ್ಕೆ. ಎಂಟೋ ಬಿಯೋ, ಮೂರೋ ಎಂಟೋ ಎಂದು ಜಗಳ ಮಾಡುತ್ತಾ ಕೂರಬೇಕಾಗುತ್ತದೆ. ಆ ಕಾಲದ ಅನುಭವಿಗಳು ಕ್ಯಾಮೆರಾಕ್ಕೆ ಕಡಿಮೆ, ಲೆನ್ಸಿಗೆ ಹೆಚ್ಚು ದುಡ್ಡು ಹಾಕು ಎಂದು ಹೊಸಬರಿಗೆ ಹೇಳುತ್ತಿದ್ದುದು ಇದಕ್ಕೇ. 1998ರಲ್ಲಿ ಬಂದ ಕ್ಯಾನನ್ನಿನ 100-400 ಮಿ.ಮೀ. ಝೂಮ್ ಲೆನ್ಸು, ಕೈ ನಡುಗುವುದನ್ನು ತಡೆಯುವ ವ್ಯವಸ್ಥೆಯೂ ಇದ್ದುದರಿಂದ, ಯುರೋಪಿನ ಬೇಲಿಗಳ ಬಳಿ ಎಲ್ಲೆಲ್ಲೂ ಕಾಣುತ್ತಿತ್ತು. ಡಿಜಿಟಲ್ ಸಂವೇದಕ ಫಿಲ್ಮಿಗಿಂತ ಚಿಕ್ಕದು. ಆದ್ದರಿಂದ ಅದೇ ಲೆನ್ಸು ಒಂದೂವರೆ ಪಟ್ಟು ಹತ್ತಿರ ತೋರಿಸಿದಂತೆ ಕಾಣುತ್ತಿತ್ತು. ಭೂದೃಶ್ಯ ತೆಗೆಯುವವರು ಇದನ್ನು ಶಪಿಸಿದರೆ, ವಿಮಾನದವರಿಗೆ ಅದೇ ಲಾಭವಾಯಿತು.

ಇನ್ನೊಂದು ತೊಂದರೆ, ಗುಂಡಿ ಒತ್ತಿದ ಮೇಲೆ ಕ್ಯಾಮೆರಾ ಯೋಚಿಸುತ್ತಾ ಕೂರುವುದು. ಇಳಿಯುವ ಜೆಟ್ ವಿಮಾನ ಸೆಕೆಂಡಿಗೆ 70 ಮೀಟರಿನಷ್ಟು ಸಾಗುತ್ತದೆ. ಜೇಬಿನ ಕ್ಯಾಮೆರಾ ಅರ್ಧ ಸೆಕೆಂಡು ತಡಮಾಡಿದರೆ ವಿಮಾನ 35 ಮೀಟರ್ ಮುಂದೆ ಹೋಗಿರುತ್ತದೆ, ಚಿತ್ರದಲ್ಲಿ ಬಾಲ ಮಾತ್ರ. ಶಟರ್ ವೇಗದಲ್ಲೂ ಒಂದು ಸೂಕ್ಷ್ಮವಿದೆ. ಜೆಟ್ ವಿಮಾನವಾದರೆ ಸಾವಿರದ ಒಂದು ಭಾಗ ಇಟ್ಟರೂ ನಡೆಯುತ್ತದೆ. ರೆಕ್ಕೆಯ ಮುಂದೆ ಪಂಖ ತಿರುಗುವ ವಿಮಾನಕ್ಕೆ ಅಷ್ಟು ವೇಗ ಇಟ್ಟರೆ ಪಂಖ ನಿಂತಂತೆ ಕಂಡು, ವಿಮಾನ ಆಕಾಶದಲ್ಲಿ ಕೆಟ್ಟು ನಿಂತಿದೆ ಎನಿಸುತ್ತದೆ. ಅಲ್ಲಿ 125ನೇ ಅಥವಾ 250ನೇ ಒಂದು ಭಾಗ ಸಾಕು, ಆದರೆ ಕೈ ಸ್ಥಿರವಾಗಿ ವಿಮಾನದ ಜೊತೆಯೇ ತಿರುಗಬೇಕು. ಬೇಸಗೆಯ ಮಧ್ಯಾಹ್ನ ರನ್‌ವೇಯಿಂದ ಏಳುವ ಬಿಸಿಗಾಳಿಗೆ ಮಾತ್ರ ಯಾವ ಕ್ಯಾಮೆರಾದಲ್ಲೂ ಮದ್ದಿಲ್ಲ. ಅಕ್ಷರಗಳೆಲ್ಲ ನೀರಿನಲ್ಲಿ ಬರೆದಂತೆ ಅಲುಗುತ್ತವೆ.

ಡಿಜಿಟಲ್ ತಂದ ದೊಡ್ಡ ಬದಲಾವಣೆಯನ್ನು ಆಗ ಯಾರೂ ಜಾಹೀರಾತಿನಲ್ಲಿ ಹೇಳಲಿಲ್ಲ. ಚಿತ್ರದ ಜೊತೆಗೆ ದಿನಾಂಕ, ಗಂಟೆ, ನಿಮಿಷ, ಸೆಕೆಂಡು ಕಡತದೊಳಗೆ ತಾನಾಗಿ ಸೇರಿಕೊಳ್ಳತೊಡಗಿತು. (ಕ್ಯಾಮೆರಾದ ಗಡಿಯಾರ ಸರಿಯಿದ್ದರೆ ಮಾತ್ರ. ಎಷ್ಟೋ ಮಂದಿಯ ಕ್ಯಾಮೆರಾದಲ್ಲಿ ಇಂದಿಗೂ ಅದು ತಪ್ಪೇ ಇರುತ್ತದೆ.) ಒತ್ತಿದ್ದಕ್ಕೆ ಖರ್ಚಿಲ್ಲದ್ದರಿಂದ ಹವ್ಯಾಸಿಗಳು ಚೆಂದದ ವಿಮಾನಗಳನ್ನಷ್ಟೇ ಅಲ್ಲದೆ ಕಂಡ ಎಲ್ಲ ವಿಮಾನಗಳನ್ನೂ ತೆಗೆಯತೊಡಗಿದರು. ಅಂತರ್ಜಾಲದ ಸಂಗ್ರಹಗಳಲ್ಲಿ ಅವೆಲ್ಲ ನಂಬರಿನ ಪ್ರಕಾರ ಜೋಡಣೆಯಾದವು. ಯಾವ ವಿಮಾನ ಯಾವ ದಿನ ಯಾವ ಊರಿನಲ್ಲಿತ್ತು ಎಂಬ ದಾಖಲೆಯೊಂದು ಯಾವ ಸರಕಾರದ ಆಜ್ಞೆಯೂ ಇಲ್ಲದೆ ತಯಾರಾಗಿಬಿಟ್ಟಿತು.

ಸರಕಾರಗಳಿಗೆ ಈ ಹವ್ಯಾಸ ಎಂದೂ ಅರ್ಥವಾದದ್ದಿಲ್ಲ. 2001ರ ನವೆಂಬರಿನಲ್ಲಿ ಗ್ರೀಸ್ ದೇಶದ ಕಲಮಾಟಾ ವಾಯುನೆಲೆಯಲ್ಲಿ 12 ಮಂದಿ ಬ್ರಿಟಿಷರು ಮತ್ತು ಇಬ್ಬರು ಡಚ್ಚರನ್ನು ಬಂಧಿಸಿದರು. ಸಾರ್ವಜನಿಕರಿಗೆ ತೆರೆದಿದ್ದ ದಿನದಂದೇ ಅವರು ಅಲ್ಲಿಗೆ ಹೋಗಿದ್ದರು. ಅವರ ಅಪರಾಧವೆಂದರೆ ಮುಖ್ಯವಾಗಿ ನಂಬರು ಬರೆದುಕೊಂಡ ನೋಟುಬುಕ್ಕುಗಳು. ಸೆಪ್ಟೆಂಬರ್ 11ರ ದಾಳಿ ನಡೆದು ಎರಡು ತಿಂಗಳಾಗಿರಲಿಲ್ಲ. ವಾರಗಟ್ಟಲೆ ಜೈಲು, ದೊಡ್ಡ ಮೊತ್ತದ ಜಾಮೀನು. 2002ರ ಏಪ್ರಿಲ್‌ನಲ್ಲಿ ಎಂಟು ಮಂದಿಗೆ ಗೂಢಚರ್ಯೆಗಾಗಿ ಮೂರು ವರ್ಷ ಶಿಕ್ಷೆ, ಆರು ಮಂದಿಗೆ ಸಹಾಯ ಮಾಡಿದ್ದಕ್ಕೆ ಒಂದು ವರ್ಷದ ಅಮಾನತು ಶಿಕ್ಷೆ ಎಂದು ತೀರ್ಪಾಯಿತು. ಮೇಲ್ಮನವಿಯಲ್ಲಿ, ಅದೇ ವರ್ಷದ ನವೆಂಬರಿನಲ್ಲಿ, ಎಲ್ಲರೂ ನಿರ್ದೋಷಿಗಳೆಂದು ಬಿಡುಗಡೆಯಾದರು. ಹಣ, ಸಮಯ ಖರ್ಚು ಮಾಡಿ ವಿಮಾನದ ನಂಬರು ಬರೆದುಕೊಳ್ಳುವ ಮನುಷ್ಯ ಇರಬಹುದೆಂದು ಒಪ್ಪಿಕೊಳ್ಳಲು ಗ್ರೀಸಿನ ನ್ಯಾಯಾಲಯಗಳಿಗೆ ಒಂದು ವರ್ಷ ಬೇಕಾಯಿತು.

ಬೇಲಿಯ ಹೊರಗಿನವರನ್ನು ಹೀಗೆ ಹಿಡಿದು ಹಾಕುತ್ತಿದ್ದ ಅದೇ ದಿನಗಳಲ್ಲಿ ಬೇಲಿಯ ಒಳಗೆ ಬೇರೆಯೇ ನಡೆಯುತ್ತಿತ್ತು. 2001ರ ಅಕ್ಟೋಬರ್ 23ರ ನಸುಕಿನಲ್ಲಿ ಕರಾಚಿ ವಿಮಾನ ನಿಲ್ದಾಣದಲ್ಲಿ ಯೆಮನ್ ದೇಶದ ವಿದ್ಯಾರ್ಥಿಯೊಬ್ಬನನ್ನು ಅಮೆರಿಕದ ವಶಕ್ಕೆ ಕೊಟ್ಟು ಒಂದು ಸಣ್ಣ ಜೆಟ್ಟಿನಲ್ಲಿ ಸಾಗಿಸಲಾಯಿತು. ಮೂರು ದಿನಗಳ ನಂತರ ಪಾಕಿಸ್ತಾನದ ‘ದಿ ನ್ಯೂಸ್’ ಪತ್ರಿಕೆಯಲ್ಲಿ ಮಸೂದ್ ಅನ್ವರ್ ಈ ಸುದ್ದಿ ಬರೆದರು. ವಿಮಾನದ ನಂಬರನ್ನೂ ಬರೆದರು: ಎನ್379ಪಿ. ಅದೇ ನಂಬರಿನ ವಿಮಾನ ಡಿಸೆಂಬರ್ 18ರಂದು ಸ್ಟಾಕ್‌ಹೋಮ್‌ನ ಬ್ರೊಮ್ಮಾ ನಿಲ್ದಾಣದಿಂದ ಅಹ್ಮದ್ ಅಗೀಝಾ ಮತ್ತು ಮುಹಮ್ಮದ್ ಅಲ್-ಝೆರಿ ಎಂಬಿಬ್ಬರನ್ನು ಈಜಿಪ್ಟಿಗೆ ಒಯ್ದಿತು. ಸ್ವೀಡನ್ನಿನ ಟಿವಿ4 ವಾಹಿನಿ 2004ರ ಮೇ ತಿಂಗಳಲ್ಲಿ ಇದನ್ನು ಬಯಲು ಮಾಡಿತು. ಸ್ವೀಡನ್ ಸರಕಾರ 2008ರಲ್ಲಿ ಇಬ್ಬರಿಗೂ ಪರಿಹಾರ ಕೊಡಬೇಕಾಯಿತು. ಆರೋಪವಿಲ್ಲದೆ, ನ್ಯಾಯಾಲಯವಿಲ್ಲದೆ ಮನುಷ್ಯರನ್ನು ಒಂದು ದೇಶದಿಂದ ಎತ್ತಿ ಇನ್ನೊಂದರ ಚಿತ್ರಹಿಂಸೆಯ ಕೋಣೆಗೆ ಸಾಗಿಸುವ ಸಿಐಎ ಯೋಜನೆಯ ಸಾರಿಗೆ ಅದು. ಕರಾಚಿ ಎಲ್ಲಿ, ಸ್ಟಾಕ್‌ಹೋಮ್ ಎಲ್ಲಿ! ಎರಡನ್ನೂ ಹೆಣೆದದ್ದು ಬಾಲದ ಹತ್ತಿರ ಬರೆದ ಐದು ಗುರುತುಗಳು.

ಇವುಗಳಲ್ಲಿ ಕ್ಯಾಮೆರಾದ ಪಾತ್ರ ನೇರವಾಗಿ ಕಾಣುವುದು ಖಾಲಿದ್ ಅಲ್-ಮಸ್ರಿಯ ಪ್ರಕರಣದಲ್ಲಿ. ಲೆಬನಾನ್ ಮೂಲದ ಈ ಜರ್ಮನ್ ಪ್ರಜೆ 2003ರ ಡಿಸೆಂಬರ್ 31ರಂದು ಬಸ್ಸಿನಲ್ಲಿ ಮೆಸಿಡೋನಿಯಾಕ್ಕೆ ಹೊರಟಿದ್ದರು. ಗಡಿಯಲ್ಲಿ ಅವರನ್ನು ಇಳಿಸಿಕೊಂಡರು. ಶಂಕಿತನೊಬ್ಬನ ಹೆಸರು ಇವರ ಹೆಸರಿನಂತೆಯೇ ಇದ್ದುದೇ ಕಾರಣ. ಸ್ಕೋಪ್ಯೆ ನಗರದ ಹೋಟೆಲ್ ಕೋಣೆಯೊಂದರಲ್ಲಿ 23 ದಿನ ಕೂಡಿಹಾಕಿದರು. 2004ರ ಜನವರಿ 23ರ ರಾತ್ರಿ ವಿಮಾನ ನಿಲ್ದಾಣಕ್ಕೆ ಒಯ್ದು, ಹೊಡೆದು, ಬಟ್ಟೆ ಕತ್ತರಿಸಿ, ಕಣ್ಣು ಕಟ್ಟಿ, ಮತ್ತಿನ ಮದ್ದು ಕೊಟ್ಟು ವಿಮಾನಕ್ಕೆ ಹಾಕಿದರು. ಕಣ್ಣು ಬಿಟ್ಟಾಗ ಅವರಿದ್ದದ್ದು ಅಫಘಾನಿಸ್ತಾನದಲ್ಲಿ. ನಾಲ್ಕು ತಿಂಗಳ ನಂತರ, ಮೇ 28ರಂದು, ಅಲ್ಬೇನಿಯಾದ ಗುಡ್ಡಗಾಡಿನ ರಸ್ತೆಯಲ್ಲಿ ಇಳಿಸಿ, ಹಿಂತಿರುಗಿ ನೋಡದೆ ನಡೆ ಎಂದರು.

ಮನೆಗೆ ಬಂದು ಇದನ್ನೆಲ್ಲ ಹೇಳಿದರೆ ನಂಬುವವರು ಯಾರು? ಕಣ್ಣು ಕಟ್ಟಿದ ಮನುಷ್ಯನಿಗೆ ತಾನು ಹತ್ತಿದ ವಿಮಾನ ಯಾವುದೆಂದೂ ಗೊತ್ತಿಲ್ಲ. ಅವರ ಕೈಯಲ್ಲಿದ್ದದ್ದು ಪಾಸ್‌ಪೋರ್ಟಿನ ಎರಡು ಮುದ್ರೆಗಳು, ಮೆಸಿಡೋನಿಯಾ ಪ್ರವೇಶದ್ದು ಮತ್ತು ಜನವರಿ 23ರ ನಿರ್ಗಮನದ್ದು. ಹುಡುಕುತ್ತಾ ಹೋದ ಪತ್ರಕರ್ತರಿಗೆ ವಿಮಾನಯಾನ ದಾಖಲೆಗಳು ಸಿಕ್ಕವು. ಎನ್313ಪಿ ನಂಬರಿನ ಬೋಯಿಂಗ್ 737 ಅಂದು ಸ್ಪೇನಿನ ಪಾಲ್ಮಾ ದ ಮಯೋರ್ಕಾ ನಗರದಿಂದ ಹೊರಟು ರಾತ್ರಿ 8 ಗಂಟೆ 51 ನಿಮಿಷಕ್ಕೆ ಸ್ಕೋಪ್ಯೆಯಲ್ಲಿ ಇಳಿದಿತ್ತು. ಮೂರು ಗಂಟೆಗಳ ಮೇಲೆ ನಿಂತು ಬಾಗ್ದಾದಿಗೆ, ಅಲ್ಲಿಂದ ಕಾಬೂಲಿಗೆ ಹೋಗಿತ್ತು. ದಾಖಲೆಯ ಸಾಲು ದಾಖಲೆಯ ಸಾಲೇ. ಅದು ನಿಜವಾಗಿ ಅಲ್ಲಿತ್ತೆಂದು ಕಂಡವರಿದ್ದಾರೆಯೇ? ಇದ್ದರು. ಪಾಲ್ಮಾ ನಿಲ್ದಾಣದಲ್ಲಿ ಹವ್ಯಾಸಿ ಛಾಯಾಗ್ರಾಹಕನೊಬ್ಬ ಅದೇ ಜನವರಿ 23ರಂದು ಆ ವಿಮಾನದ ಚಿತ್ರ ತೆಗೆದಿದ್ದ. ವಿಮಾನ ಕಂಪನಿಯ ಹೆಸರಿಲ್ಲದ, ಮಾಮೂಲಿಯಲ್ಲದ ಒಂದು 737, ಅಷ್ಟಕ್ಕೇ ಅವನ ಕುತೂಹಲ. ಚಿತ್ರವನ್ನು ಎಲ್ಲರಂತೆ ಅಂತರ್ಜಾಲದಲ್ಲಿ ಹಾಕಿದ. ಅದರಲ್ಲಿ ನಂಬರು ಸ್ಪಷ್ಟವಾಗಿತ್ತು.

ಆ ಒಂದು ಚಿತ್ರವೇ ಎಲ್ಲವನ್ನೂ ಸಾಬೀತುಪಡಿಸಿತೆಂದು ನಾನು ಹೇಳುವುದಿಲ್ಲ. ಮುದ್ರೆ, ದಾಖಲೆ, ಚಿತ್ರ ಮೂರೂ ಒಂದೇ ದಿನವನ್ನು ತೋರಿಸಿದವು. ಅದರ ಬಲ ಇದ್ದದ್ದು ಅಲ್ಲಿ. 2005ರ ಮಾರ್ಚಿನಲ್ಲಿ ಮಯೋರ್ಕಾದ ಸ್ಥಳೀಯ ಪತ್ರಿಕೆ ‘ದಿಯಾರಿಯೊ ದ ಮಯೋರ್ಕಾ’ ಈ ವಿಮಾನಗಳ ಬಗ್ಗೆ ಬರೆಯಿತು. ಪೊಲೀಸರು ತನಿಖೆಗೆ ಇಳಿದಾಗ ವಿಮಾನದವರು ತಂಗಿದ್ದ ಹೋಟೆಲಿನ ದಾಖಲೆಗಳು ಹೊರಬಂದವು, ಹೆಸರುಗಳು ಸುಳ್ಳು ಹೆಸರುಗಳಾಗಿದ್ದರೂ. 2007ರ ಜನವರಿಯಲ್ಲಿ ಮ್ಯೂನಿಕ್ಕಿನ ನ್ಯಾಯಾಲಯ 13 ಮಂದಿಯ ಮೇಲೆ ಬಂಧನ ವಾರಂಟು ಹೊರಡಿಸಿತು. ಒಬ್ಬರೂ ಕಟಕಟೆಗೆ ಬರಲಿಲ್ಲ. ಅಮೆರಿಕದ ನ್ಯಾಯಾಲಯಗಳು ಅಲ್-ಮಸ್ರಿಯ ದಾವೆಯನ್ನು ರಾಷ್ಟ್ರದ ಗುಟ್ಟಿನ ಹೆಸರಿನಲ್ಲಿ ಕೇಳಲೇ ಇಲ್ಲ.

ಸಿಐಎಯವರಿಗೂ ನಂಬರಿನ ಅಪಾಯ ತಿಳಿಯಿತು. ಎನ್379ಪಿ ಎನ್8068ವಿ ಆಯಿತು, ಎನ್313ಪಿ ಎನ್4476ಎಸ್ ಆಯಿತು. ಕಳ್ಳತನದ ಕಾರಿಗೆ ನಂಬರು ಪ್ಲೇಟು ಬದಲಿಸಿದಂತೆಯೇ. ಆದರೆ ಹವ್ಯಾಸಿಗಳ ಪುಸ್ತಕಗಳಲ್ಲಿ ಪ್ರತಿ ವಿಮಾನಕ್ಕೂ ಕಾರ್ಖಾನೆಯ ಕ್ರಮಸಂಖ್ಯೆ ಇರುತ್ತದೆ, ನಂಬರು ಎಷ್ಟು ಸಲ ಬದಲಾದರೂ ಅದು ಬದಲಾಗುವುದಿಲ್ಲ. ದಶಕಗಳಿಂದ ಯಾವ ಉಪಯೋಗವೂ ಇಲ್ಲದೆ, ಬರೀ ಶ್ರದ್ಧೆಯಿಂದ ಬರೆದಿಟ್ಟ ಪಟ್ಟಿಗಳು. ಬ್ರಿಟಿಷ್ ಪತ್ರಕರ್ತ ಸ್ಟೀಫನ್ ಗ್ರೇ 2006ರಲ್ಲಿ ಪ್ರಕಟಿಸಿದ ‘ಘೋಸ್ಟ್ ಪ್ಲೇನ್’ ಪುಸ್ತಕ ಈ ಹುಡುಕಾಟದ ಕತೆ ಹೇಳುತ್ತದೆ. ಸಿಐಎ ನಡೆಸಿದ ಕನಿಷ್ಠ 1,245 ಹಾರಾಟಗಳು ಯುರೋಪಿನ ವಾಯುಪ್ರದೇಶ ಬಳಸಿವೆ ಎಂದು ಯುರೋಪಿಯನ್ ಪಾರ್ಲಿಮೆಂಟಿನ ವರದಿ 2007ರಲ್ಲಿ ಹೇಳಿತು. ಅವುಗಳಲ್ಲಿ ಎಲ್ಲದರಲ್ಲೂ ಕೈದಿಗಳಿದ್ದರೆಂದಲ್ಲ.

2012ರ ಡಿಸೆಂಬರ್ 13ರಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಅಲ್-ಮಸ್ರಿಯ ಮಾತು ನಿಜವೆಂದು ತೀರ್ಪು ಕೊಟ್ಟಿತು. ಸ್ಕೋಪ್ಯೆ ನಿಲ್ದಾಣದಲ್ಲಿ ನಡೆದದ್ದು ಚಿತ್ರಹಿಂಸೆ ಎಂದಿತು. ಮೆಸಿಡೋನಿಯಾ 60,000 ಯೂರೋ ಕೊಡಬೇಕೆಂದಿತು. ತೀರ್ಪಿನಲ್ಲಿ ಆ ವಿಮಾನದ ನಂಬರು ಬರೆದಿದೆ. ಮೆಸಿಡೋನಿಯಾ ಕ್ಷಮೆ ಕೇಳಿದ್ದು 2018ರಲ್ಲಿ.

ಇನ್ನು ನಮ್ಮ ಫಲಕದ ಮಾತು. 1937ರ ವಿಮಾನ ನಿಯಮಗಳ 13ನೇ ನಿಯಮದ ಪ್ರಕಾರ ಸರಕಾರಿ ವಿಮಾನ ನಿಲ್ದಾಣದಲ್ಲಾಗಲಿ, ಹಾರುವ ವಿಮಾನದಿಂದಾಗಲಿ ಲಿಖಿತ ಅನುಮತಿಯಿಲ್ಲದೆ ಚಿತ್ರ ತೆಗೆಯುವಂತಿರಲಿಲ್ಲ. ಬ್ರಿಟಿಷರು ಮಾಡಿದ ಈ ನಿಯಮ ಅವರು ಹೋದ ಮೇಲೂ ಗೋಡೆಗಳ ಮೇಲೆ ಉಳಿಯಿತು. ಕೈಯಲ್ಲಿ ಮೊಬೈಲು ಬಂದ ಮೇಲೆ ಜನ ಕಿಟಕಿಯಿಂದ ಮೋಡದ ಚಿತ್ರ ತೆಗೆಯುವುದನ್ನು ಯಾರು ತಡೆಯುತ್ತಾರೆ? 2020ರ ಸೆಪ್ಟೆಂಬರಿನಲ್ಲಿ ನಟಿಯೊಬ್ಬರಿದ್ದ ವಿಮಾನದಲ್ಲಿ ಸುದ್ದಿಗಾರರ ನೂಕುನುಗ್ಗಲಾದಾಗ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಮೊದಲು ಎಚ್ಚರಿಕೆ ಕೊಟ್ಟಿತು. ಮರುದಿನವೇ, 2004ರ ಸುತ್ತೋಲೆಯೊಂದನ್ನು ನೆನಪಿಸಿ, ಸಾಮಾನ್ಯ ಪ್ರಯಾಣಿಕರು ವಿಮಾನದೊಳಗೆ ಚಿತ್ರ ತೆಗೆಯಬಹುದು ಎಂದು ಸ್ಪಷ್ಟಪಡಿಸಿತು. ಹದಿನಾರು ವರ್ಷಗಳಿಂದ ಇದ್ದ ರಿಯಾಯಿತಿ ನಮಗೆ ಹಾಗೆ ತಿಳಿಯಿತು. ಬೇಲಿಯ ಬಳಿ ನಿಂತವನ ಕತೆ ಬೇರೆ. 2010ರ ಫೆಬ್ರವರಿಯಲ್ಲಿ ದೆಹಲಿ ನಿಲ್ದಾಣದ ಸಮೀಪದ ಹೋಟೆಲಿನಲ್ಲಿ ದುರ್ಬೀನು, ಕ್ಯಾಮೆರಾ ಮತ್ತು ವಿಮಾನಗಳ ಸಂಕೇತ ಹಿಡಿಯುವ ಯಂತ್ರ ಇಟ್ಟುಕೊಂಡಿದ್ದ ಇಬ್ಬರು ಬ್ರಿಟಿಷರನ್ನು ಬಂಧಿಸಿದರು. ದಂಡ ಕಟ್ಟಿ ಊರಿಗೆ ಹೋಗಲು ಅವರಿಗೆ ಎರಡು ತಿಂಗಳು ಹಿಡಿಯಿತು.

ಗಲ್ಫಿನಲ್ಲಿ ಇನ್ನೂ ಕಠಿಣ. 2015ರ ಫೆಬ್ರವರಿಯಲ್ಲಿ, ನನ್ನ ಅಳಿಯನಿರುವ ಊರಿನಿಂದ ಎರಡು ಗಂಟೆಯೂ ದೂರವಿಲ್ಲದ ಫುಜೈರಾದಲ್ಲಿ, ಮೂವರು ಬ್ರಿಟಿಷರು ನಿಲ್ದಾಣದ ಹೊರಗೆ ನಿಂತು ವಿಮಾನಗಳ ನಂಬರು ಬರೆದುಕೊಳ್ಳುತ್ತಿದ್ದಾಗ ಸಿಕ್ಕಿಬಿದ್ದು ಎರಡು ತಿಂಗಳು ಜೈಲಿನಲ್ಲಿದ್ದರು. ತಮ್ಮ ಹತ್ತಿರ ಕ್ಯಾಮೆರಾ ಹಿಡಿದೇ ಇರಲಿಲ್ಲವೆಂದು ಅವರ ಕಡೆಯವರು ಹೇಳಿದರೂ ನಡೆಯಲಿಲ್ಲ. ಆದ್ದರಿಂದ ಕ್ಯಾಮೆರಾಕ್ಕಿಂತ ಮೊದಲು ಈ ಸಂಗತಿಯನ್ನೇ ಅವನಿಗೆ ಬರೆದೆ. ಅಲ್ಲಿರುವಾಗ ಬೇಲಿಯ ಹತ್ತಿರವೂ ಸುಳಿಯಬೇಡ, ರಜೆಗೆ ಬರುವಾಗ ಯಲಹಂಕದ ಏರೋ ಇಂಡಿಯಾ ಪ್ರದರ್ಶನಕ್ಕೆ ಹೊಂದಿಸಿಕೋ ಎಂದೆ. 1996ರಿಂದ ಎರಡು ವರ್ಷಕ್ಕೊಮ್ಮೆ ನಡೆಯುವ ಆ ಪ್ರದರ್ಶನದಲ್ಲಿ ಸಾರ್ವಜನಿಕರ ದಿನಗಳಂದು ಟಿಕೇಟು ಕೊಂಡು ಒಳಗೆ ಹೋದರೆ ತೇಜಸ್‌ನಂಥ ಯುದ್ಧವಿಮಾನವನ್ನೂ ಕಣ್ತುಂಬ ನೋಡಬಹುದು, ಸೂರ್ಯಕಿರಣ್ ತಂಡವನ್ನೂ ನೋಡಬಹುದು.

ಕ್ಯಾಮೆರಾದ ಬಗ್ಗೆ ಬರೆದದ್ದು ಕಡಿಮೆ. ಈಗಿನ ಕ್ಯಾಮೆರಾಗಳು ಆರ್ವಿಲ್‌ನ ತೊಡಕನ್ನು ಬಹುತೇಕ ಬಿಡಿಸಿವೆ. 2019ರಲ್ಲಿ ಬಂದ ಒಲಿಂಪಸ್ಸಿನ ಒಂದು ಮಾದರಿ ಚೌಕಟ್ಟಿನಲ್ಲಿ ವಿಮಾನವನ್ನು ತಾನೇ ಗುರುತಿಸತೊಡಗಿತು. 2023ರ ನಿಕಾನ್ ಝಡ್8ರಲ್ಲಿ ವಿಮಾನಕ್ಕೆಂದೇ ಪ್ರತ್ಯೇಕ ಆಯ್ಕೆಯಿದೆ. ಅದರಲ್ಲಿ ಯಾಂತ್ರಿಕ ಶಟರೇ ಇಲ್ಲ. ಆದರೆ ಅಗ್ಗದ ಕ್ಯಾಮೆರಾಗಳಲ್ಲಿ, ಮೊಬೈಲುಗಳಲ್ಲಿ, ಸಂವೇದಕ ಚಿತ್ರವನ್ನು ಮೇಲಿನಿಂದ ಕೆಳಗೆ ಸಾಲು ಸಾಲಾಗಿ ಓದುವುದರಿಂದ ತಿರುಗುವ ಪಂಖ ಬಾಳೆಹಣ್ಣಿನಂತೆ ಬಾಗಿ ಕಾಣುತ್ತದೆ. ನೂರು ವರ್ಷದ ಹಿಂದೆ ಫ್ರಾನ್ಸಿನ ಲಾರ್ತಿಗ್ ತೆಗೆದ ರೇಸು ಕಾರಿನ ಚಿತ್ರದಲ್ಲಿ ಚಕ್ರಗಳು ಓರೆಯಾಗಿ ವಾಲಿದ್ದಕ್ಕೂ ಇದೇ ಜಾತಿಯ ಕಾರಣ. ಹಾಗಾಗಿ ಹಳೆಯದಾದರೂ ಯಾಂತ್ರಿಕ ಶಟರ್ ಇರುವ ಕ್ಯಾಮೆರಾ ತೆಗೆದುಕೊ, ಉಳಿದ ದುಡ್ಡೆಲ್ಲ 400 ಮಿ.ಮೀ.ವರೆಗೆ ಹೋಗುವ ಲೆನ್ಸಿಗೆ ಹಾಕು, ಗಡಿಯಾರ ಸರಿಯಾಗಿ ಹೊಂದಿಸು ಎಂದು ಬರೆದೆ.

ಅವನು 2025ರ ಫೆಬ್ರವರಿಯಲ್ಲಿ ಬಂದು ಯಲಹಂಕಕ್ಕೆ ಹೋದ. ಹಳೆಯ ಕ್ಯಾನನ್ ಒಂದನ್ನು ಯಾರಿಂದಲೋ ಕೊಂಡಿದ್ದ. ನಾಲ್ಕುನೂರರಷ್ಟು ಚಿತ್ರ ತೆಗೆದು, ಅದರಲ್ಲಿ ಹತ್ತನ್ನು ನನಗೆ ಕಳಿಸಿದ. ಎಂಟರಲ್ಲಿ ಆಕಾಶವೇ ಹೆಚ್ಚು. ಒಂಬತ್ತನೆಯದರಲ್ಲಿ ಕೆಂಪು ಬಿಳಿ ಬಣ್ಣದ ಹಾಕ್ ವಿಮಾನವೊಂದು ರೆಕ್ಕೆ ವಾಲಿಸಿ ಬಿಸಿಲಿಗೆ ಬಂದಿದೆ. ಕಂಪ್ಯೂಟರಿನಲ್ಲಿ ಹಿಗ್ಗಿಸಿ ನೋಡಿದೆ. ಬಾಲದ ಬಳಿಯ ಅಂಕಿಗಳಲ್ಲಿ ಕೊನೆಯದೊಂದನ್ನು ಬಿಟ್ಟು ಉಳಿದವನ್ನು ಓದಲಿಕ್ಕಾಯಿತು. ಕೊನೆಯದು ಮೂರೋ ಎಂಟೋ ಎಂದು ನಮ್ಮಿಬ್ಬರಿಗೂ ಇನ್ನೂ ಒಮ್ಮತವಿಲ್ಲ.